ಅರವತ್ತು ಹೆಕ್ಟೇರ್ ಗುಡ್ಡ, ಕಾರ್ಬನ್ ಕಂಪನಿಯ ಆಫರ್: ಕುರಿ ಬಿಡೋದಾ, ಪೈನ್ ಹಾಕೋದಾ?

ಓದುಗರ ಪ್ರಶ್ನೆ:

ನಮಸ್ಕಾರ ಸರ್. ನಾನು ಅರಸೀಕೆರೆ ಕಡೆಯವನು, ನ್ಯೂಜಿಲೆಂಡಿಗೆ ಬಂದು ತುಂಬಾ ವರ್ಷ ಆಯ್ತು, ಈಗ ಪಾಮರ್‌ಸ್ಟನ್ ನಾರ್ತಲ್ಲಿ ಕೆಲಸ. ನಾನೂ ನನ್ನ ಭಾವಮೈದನೂ ಸೇರಿ ಡ್ಯಾನಿವರ್ಕ್‌ನಿಂದ ಪೂರ್ವಕ್ಕೆ 60 ಹೆಕ್ಟೇರ್ ಗುಡ್ಡದ ಜಮೀನು ತಗೊಂಡಿದೀವಿ. ಪಕ್ಕದ ಕುರಿ ಫಾರ್ಮಿನವರಿಗೆ ಲೀಸಿಗೆ ಕೊಟ್ಟಿದೀವಿ, ಬರೋ ದುಡ್ಡು ಬ್ಯಾಂಕಿನ ಬಡ್ಡಿಗೂ ಸಾಲಲ್ಲ. ಈಗ ಒಂದು ಕಾರ್ಬನ್ ಕಂಪನಿಯವರು ಬಂದು, ಪೂರ್ತಿ ಜಾಗಕ್ಕೆ ಪೈನ್ ಹಾಕ್ತೀವಿ, ಖರ್ಚೆಲ್ಲ ನಮ್ಮದು, 50 ವರ್ಷದ ಅಗ್ರಿಮೆಂಟು, ಕಾರ್ಬನ್ ದುಡ್ಡಲ್ಲಿ ಪಾಲು ಕೊಡ್ತೀವಿ ಅಂತಿದಾರೆ. ಪಕ್ಕದ ಫಾರ್ಮಿನವರು, ಅದನ್ನ ಸರ್ಕಾರ ಬ್ಯಾನ್ ಮಾಡಿದೆ, ಮಾಡೋಕಾಗಲ್ಲ ಅಂತಾರೆ. ಕಂಪನಿಯವರು, ಹಂಗೇನಿಲ್ಲ, ಲಾಟರಿಲಿ ಸಿಗುತ್ತೆ ಅಂತಾರೆ. ಭಾವಮೈದ, ಗಿಡ ನೆಡೋದು ಭೂಮಿಗೆ ಒಳ್ಳೇದು ತಾನೆ, ಸರ್ಕಾರ ಯಾಕೆ ತಡೀಬೇಕು ಅಂತ ಕೇಳ್ತಾನೆ. ಊರಲ್ಲಿ ಅಪ್ಪಂಗೆ ಹೇಳಿದ್ರೆ, ನೀಲಗಿರಿ ಹಾಕಿ ನಾವು ಪಟ್ಟಿದ್ದು ಸಾಲದಾ, ಅಲ್ಲೂ ಹೋಗಿ ಅದನ್ನೇ ಮಾಡ್ತೀರಾ ಅಂತ ಬೈದ್ರು. ಮ್ಯಾಪಲ್ಲಿ ನೋಡಿದ್ರೆ 42 ಹೆಕ್ಟೇರ್ ಕ್ಲಾಸ್ 6, ಉಳಿದ 18 ಕ್ಲಾಸ್ 7 ಅಂತ ತೋರಿಸುತ್ತೆ. ತಿಂಗಳೊಳಗೆ ಸೈನ್ ಮಾಡಿ ಅಂತ ಕಂಪನಿ ಒತ್ತಾಯ ಮಾಡ್ತಿದೆ. ಯಾರ ಮಾತು ನಂಬೋದು?

ಉತ್ತರ:

ನಮಸ್ಕಾರ. ನಿಮ್ಮ ಪ್ರಶ್ನೇಲಿ ನಾಲ್ಕು ಜನ ನಾಲ್ಕು ಮಾತು ಹೇಳಿದಾರೆ, ನಾಲ್ಕರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ, ಅದಕ್ಕೇ ನಿಮಗೆ ತಲೆ ಕೆಟ್ಟಿರೋದು. ನಾನು ಇಲ್ಲಿನ ಗುಡ್ಡಗಾಡು ಜಮೀನುಗಳಲ್ಲಿ ಎಲ್ಲಿ ಮರ ಇರಬೇಕು ಎಲ್ಲಿ ಹುಲ್ಲು ಇರಬೇಕು ಅಂತ ಸಲಹೆ ಕೊಡೋ ಕೆಲಸದಲ್ಲೇ ಇರೋದ್ರಿಂದ ಇಂಥ ಅಗ್ರಿಮೆಂಟುಗಳನ್ನ ಬೇಕಾದಷ್ಟು ಓದಿದೀನಿ. ಮೊದಲೇ ಹೇಳ್ಬಿಡ್ತೀನಿ, ಪೂರ್ತಿ 60 ಹೆಕ್ಟೇರಿಗೆ ಈ ತಿಂಗಳು ಸೈನ್ ಮಾಡಬೇಡಿ. ಯಾಕೆ ಅನ್ನೋದು ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ಬ್ಯಾನ್ ವಿಷಯ. ಗಿಡ ನೆಡೋದನ್ನ ಸರ್ಕಾರ ಬ್ಯಾನ್ ಮಾಡಿಲ್ಲ. ನಿಮ್ಮ ಜಾಗದಲ್ಲಿ ಮರಕ್ಕೋಸ್ಕರ, ಅಂದ್ರೆ ಬೆಳೆಸಿ ಕಡಿದು ಮಾರೋಕೆ ಪೈನ್ ಹಾಕ್ತೀನಿ ಅಂದ್ರೆ ಕೌನ್ಸಿಲ್ಲಿನ ರೂಲ್ಸ್ ನೋಡ್ಕೊಂಡು ಹಾಕಬಹುದು. ಈಗ ತಡೆದಿರೋದು ಆ ಗಿಡಗಳನ್ನ ಇಟಿಎಸ್ ಅನ್ನೋ ಎಮಿಷನ್ಸ್ ಟ್ರೇಡಿಂಗ್ ಸ್ಕೀಮಲ್ಲಿ ರಿಜಿಸ್ಟರ್ ಮಾಡಿಸಿ, ಮಾರಿದ್ರೆ ದುಡ್ಡಾಗೋ ಕಾರ್ಬನ್ ಯೂನಿಟ್ ತಗೊಳ್ಳೋದನ್ನ. 2024ರ ಡಿಸೆಂಬರ್ 4ಕ್ಕೆ ಸರ್ಕಾರ ಇದನ್ನ ಘೋಷಣೆ ಮಾಡ್ತು, 2025ರಲ್ಲಿ ಕಾನೂನಾಯ್ತು. ಇಲ್ಲಿನ ಜಮೀನನ್ನೆಲ್ಲ ಎಲ್‌ಯುಸಿ (ಲ್ಯಾಂಡ್ ಯೂಸ್ ಕೇಪಬಿಲಿಟಿ, ಅಂದ್ರೆ ಯಾವ ನೆಲ ಏನಕ್ಕೆ ಆಗಿಬರುತ್ತೆ) ಅಂತ 1ರಿಂದ 8ರವರೆಗೆ ಕ್ಲಾಸ್ ಮಾಡಿದಾರೆ, 1 ಅಂದ್ರೆ ಏನು ಬೇಕಾದ್ರೂ ಬೆಳೆಯೋ ಬಂಗಾರದಂಥ ಭೂಮಿ, 8 ಅಂದ್ರೆ ಬರೀ ಬಂಡೆ, ಕಡಿದಾದ ಬೆಟ್ಟ, ಅದನ್ನ ಹಂಗೇ ಬಿಡಬೇಕಷ್ಟೆ. ಫಾರ್ಮ್ ಜಮೀನಲ್ಲಿ 1ರಿಂದ 5ರವರೆಗೆ ವಿದೇಶಿ ಜಾತಿಯ ಕಾಡಿಗೆ ಇಟಿಎಸ್ ಬಾಗಿಲು ಹೆಚ್ಚೂಕಮ್ಮಿ ಮುಚ್ಚಿದಾರೆ. ಕ್ಲಾಸ್ 6ಕ್ಕೆ ದೇಶಕ್ಕೆಲ್ಲ ಸೇರಿ ವರ್ಷಕ್ಕೆ 15,000 ಹೆಕ್ಟೇರ್ ಅಂತ ಮಿತಿ ಹಾಕಿ ಅದನ್ನ ಚೀಟಿ ಎತ್ತಿ ಹಂಚ್ತಾರೆ, ನಿಮ್ಮ ಕಂಪನಿ ಲಾಟರಿ ಅಂದಿದ್ದು ಇದನ್ನೇ. ಇದರ ಜೊತೆಗೆ ಪ್ರತಿ ಫಾರ್ಮಿನವರಿಗೂ ಚೀಟಿ ಗೀಟಿ ಇಲ್ಲದೆ 1ರಿಂದ 6ರವರೆಗಿನ ತಮ್ಮ ಜಾಗದ ಕಾಲು ಭಾಗ, ಅಂದ್ರೆ ಶೇಕಡಾ 25ರಷ್ಟನ್ನ ರಿಜಿಸ್ಟರ್ ಮಾಡಿಸೋ ಅವಕಾಶ ಇಟ್ಟಿದಾರೆ. ಕ್ಲಾಸ್ 7, 8ಕ್ಕೆ ಈ ಮಿತಿ ಇಲ್ಲ. ಇಲ್ಲಿನ ಸ್ಥಳೀಯ ಜಾತಿ ಮರ ಹಾಕಿದ್ರೂ ಈ ಮಿತಿ ಇಲ್ಲ. ಇಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಜಮೀನಲ್ಲಿ ಕೆಲವು ಬಗೆಯವಕ್ಕೂ ವಿನಾಯಿತಿ ಇದೆ, ಅದು ಯಾಕೆ ಅಂತ ಆಮೇಲೆ ಹೇಳ್ತೀನಿ.

ಹಂಗಾಗಿ ನಿಮ್ಮ ಲೆಕ್ಕ ಹೀಗಾಗುತ್ತೆ. ಕ್ಲಾಸ್ 7ರ 18 ಹೆಕ್ಟೇರ್ ಪೂರ್ತಿ ಮಾಡಬಹುದು, ಕ್ಲಾಸ್ 6ರ 42ರಲ್ಲಿ ಕಾಲು ಭಾಗ ಅಂದ್ರೆ ಹತ್ತೂವರೆ ಹೆಕ್ಟೇರ್, ಒಟ್ಟು 28 ಚಿಲ್ಲರೆ. ಉಳಿದ ಮೂವತ್ತೊಂದೂವರೆ ಹೆಕ್ಟೇರಿಗೆ ಚೀಟಿ ಬಿದ್ರೆ ಉಂಟು ಇಲ್ಲಾಂದ್ರೆ ಇಲ್ಲ. ಪೂರ್ತಿ ಜಾಗಕ್ಕೆ ಅಗ್ರಿಮೆಂಟ್ ಮಾಡ್ಕೊಂಡು ಆಮೇಲೆ ಚೀಟಿ ಬೀಳದೆ ಹೋದ್ರೆ ಆ ಮೂವತ್ತು ಹೆಕ್ಟೇರ್ ಗತಿ ಏನು ಅಂತ ಅವರ ಪೇಪರಲ್ಲಿ ಎಲ್ಲಾದ್ರೂ ಬರೆದಿದಾರಾ ನೋಡಿ. ನಾನು ಮೊದಲು ಹುಡುಕೋ ಸಾಲು ಅದೇ. ಇನ್ನೊಂದು, ಮ್ಯಾಪಲ್ಲಿರೋ ಕ್ಲಾಸು ದೊಡ್ಡ ಅಳತೇಲಿ ಗೆರೆ ಎಳೆದಿರೋದು, ನಿಮ್ಮ ಒಂದೊಂದು ಪ್ಯಾಡಕ್ (ಬೇಲಿ ಹಾಕಿದ ಹುಲ್ಲಿನ ತುಂಡು) ಹತ್ತಿರ ನಿಂತು ನೋಡಿ ಎಳೆದಿರೋದಲ್ಲ. ನೆಲದ ಮೇಲೆ ಹೋಗಿ ನೋಡಿದ್ರೆ ಕ್ಲಾಸ್ 7 ಅಂತ ಬಣ್ಣ ಹಚ್ಚಿರೋ ಕಡೆ ಚೆನ್ನಾಗಿ ಹುಲ್ಲು ಬರೋ ಸಮತಟ್ಟು ಜಾಗ ಸಿಗೋದು, 6 ಅಂತಿರೋ ಕಡೆ ಮಳೆಗೆ ಜಾರಿ ಹೋಗಿರೋ ಮಣ್ಣು ಸಿಗೋದು ಎಲ್ಲಾ ಇದೆ.

ಈಗ ಭಾವಮೈದನ ಪ್ರಶ್ನೆ, ಮರ ಒಳ್ಳೇದಾದ್ರೆ ತಡೆ ಯಾಕೆ? ಇದಕ್ಕೆ ಉತ್ತರ ಹೇಳ್ಬೇಕಂದ್ರೆ ಇಟಿಎಸ್ ಹೆಂಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಹೇಳ್ಬೇಕು. 2008ರಲ್ಲಿ ಶುರುವಾದ ಸ್ಕೀಮು. ಪೆಟ್ರೋಲು, ಕಲ್ಲಿದ್ದಲು, ಸಿಮೆಂಟು ಇಂಥ ಕಡೆ ಹೊಗೆ ಬಿಡೋರು ಪ್ರತಿ ಟನ್ ಕಾರ್ಬನ್ ಡೈಆಕ್ಸೈಡಿಗೆ ಒಂದು ಯೂನಿಟ್ ಸರ್ಕಾರಕ್ಕೆ ಕೊಡಬೇಕು. ಕಾಡು ಬೆಳೆಸೋರಿಗೆ ಮರ ಹೀರಿಕೊಂಡ ಪ್ರತಿ ಟನ್ನಿಗೆ ಒಂದು ಯೂನಿಟ್ ಸಿಗುತ್ತೆ, ಅದನ್ನ ಅವರು ಹೊಗೆ ಬಿಡೋರಿಗೆ ಮಾರ್ತಾರೆ. ಇಲ್ಲಿವರೆಗೂ ಚೆನ್ನಾಗೇ ಇದೆ. ತೊಂದರೆ ಏನಪ್ಪಾ ಅಂದ್ರೆ, ಹೊಗೆ ಬಿಡೋರು ತಮ್ಮ ಲೆಕ್ಕದಲ್ಲಿ ಕಾಡಿನ ಯೂನಿಟ್ ಎಷ್ಟು ಬೇಕಾದ್ರೂ ಬಳಸಬಹುದು, ನೂರಕ್ಕೆ ನೂರೂ ಕಾಡಿಂದಲೇ ತರಬಹುದು. ಹಂಗಾದಾಗ ಫ್ಯಾಕ್ಟರಿಯ ಬಾಯ್ಲರ್ ಬದಲಾಯಿಸೋದಕ್ಕಿಂತ ಎಲ್ಲೋ ಗುಡ್ಡದ ಮೇಲೆ ಪೈನ್ ಹಾಕಿಸೋದೇ ಅಗ್ಗ. ಅಗ್ಗದ ದಾರಿ ಇದ್ದಾಗ ಎಲ್ಲರೂ ಅದೇ ದಾರಿ ಹಿಡೀತಾರೆ, ಅದರಲ್ಲಿ ಆಶ್ಚರ್ಯ ಏನಿಲ್ಲ.

ಆದ್ರೆ ಕಲ್ಲಿದ್ದಲು ಸುಟ್ಟು ಬಂದ ಕಾರ್ಬನ್ ನೂರಾರು, ಸಾವಿರಾರು ವರ್ಷ ಗಾಳೀಲಿ ಇರುತ್ತೆ. ಪೈನ್ ಮರದಲ್ಲಿ ಹಿಡಿದಿಟ್ಟಿದ್ದು ಆ ಮರ ನಿಂತಿರೋವರೆಗೆ ಮಾತ್ರ. 2019ರ ಫೆಬ್ರವರೀಲಿ ನೆಲ್ಸನ್ ಹತ್ತಿರ ಪಿಜನ್ ವ್ಯಾಲೀಲಿ ಬೆಂಕಿ ಬಿದ್ದು ಎರಡು ಸಾವಿರ ಹೆಕ್ಟೇರ್ ಮೇಲೆ ಸುಟ್ಟಿದ್ದು ನಿಮಗೆ ನೆನಪಿರಬಹುದು, ಅದರಲ್ಲಿ ಹೆಚ್ಚಿನದು ನೆಟ್ಟ ಪೈನ್ ಕಾಡೇ. ಇಲ್ಲಿನ ಪಾರ್ಲಿಮೆಂಟಿನ ಪರಿಸರ ಕಮಿಷನರ್ ಸೈಮನ್ ಅಪ್ಟನ್ ಅವರು 2019ರ ವರದೀಲೇ ಇದನ್ನ ಬಿಡಿಸಿ ಹೇಳಿದ್ರು, ಕಾಡಿನ ಲೆಕ್ಕವನ್ನ ಪಳೆಯುಳಿಕೆ ಇಂಧನದ ಹೊಗೆಗೆ ಹೊಂದಿಸೋದನ್ನ ಬಿಟ್ಟು ದನ ಕುರಿಗಳಿಂದ ಬರೋ ಮೀಥೇನ್ ಥರದ್ದಕ್ಕೆ ಹೊಂದಿಸೋದು ಸರಿ ಅಂತ. ನನಗೂ ಅದೇ ಸರಿ ಅನ್ಸುತ್ತೆ. ಆದ್ರೆ ಆಗಿದ್ದು ಉಲ್ಟಾ. ಈ ದೇಶದ ಎಮಿಷನ್‌ನಲ್ಲಿ ಅರ್ಧದಷ್ಟು ಕೃಷೀದು, ಆ ಕೃಷಿ ಇಟಿಎಸ್ ಒಳಗೇ ಇಲ್ಲ, ಹೊಗೆ ಬಿಡೋರ ಲೆಕ್ಕ ತೀರಿಸೋ ಕಾಡು ಮಾತ್ರ ಕುರಿ ಫಾರ್ಮಿನ ಮೇಲೆ ಬಂದು ಕೂತ್ಕೊಳ್ತಿದೆ.

ಅದು ಕುರಿ ಫಾರ್ಮಿನ ಮೇಲೇ ಯಾಕೆ? ಡೈರಿ ಜಮೀನು ಸಮತಟ್ಟು, ರೇಟು ಜಾಸ್ತಿ, ಅಲ್ಲಿ ಯಾರೂ ಪೈನ್ ಹಾಕೋಕೆ ಹೋಗಲ್ಲ. ಗುಡ್ಡದ ಕುರಿ ಫಾರ್ಮುಗಳದ್ದೇ ಬೇರೆ ಕಥೆ. 1982ರಲ್ಲಿ ಈ ದೇಶದಲ್ಲಿ 7 ಕೋಟಿ ಕುರಿ ಇದ್ವು, ಈಗ ಎರಡೂವರೆ ಕೋಟಿಗೂ ಕಮ್ಮಿ. ಇದಕ್ಕೆ ಕಾರ್ಬನ್ ಒಂದೇ ಕಾರಣ ಅಂದ್ರೆ ಅದು ಸುಳ್ಳು, ಸರ್ಕಾರದ ಸಬ್ಸಿಡಿ 1980ರ ದಶಕದಲ್ಲೇ ನಿಂತ್ಹೋಯ್ತು, ಆಮೇಲೆ ಡೈರಿ ಬೆಳೀತು, ಉಣ್ಣೆ ರೇಟು ಬಿತ್ತು. ದಪ್ಪ ಉಣ್ಣೆಯ ರೇಟು ಎಷ್ಟು ಬಿತ್ತು ಅಂದ್ರೆ ಕತ್ತರಿಸೋರಿಗೆ ಕೊಡೋ ಕೂಲೀನೂ ಹುಟ್ಟದೆ ಇದ್ದ ವರ್ಷಗಳನ್ನ ನಾವೇ ನೋಡಿದೀವಿ. ಕುರಿಗೆ ಉಣ್ಣೆ ತೆಗೀಲೇಬೇಕು, ಇಲ್ಲಾಂದ್ರೆ ಹುಳ ಬೀಳುತ್ತೆ, ಹಂಗಾಗಿ ನಷ್ಟಕ್ಕೇ ತೆಗೆಸೋದು. ಹಂಗೆ ಸುಸ್ತಾಗಿರೋ ಫಾರ್ಮಿನ ಮುಂದೆ ಕಾರ್ಬನ್ ದುಡ್ಡು ಬಂದು ನಿಂತಿದ್ದು.

ದುಡ್ಡಿನ ವ್ಯತ್ಯಾಸ ನೋಡಿ. ಗುಡ್ಡದ ಫಾರ್ಮಲ್ಲಿ ಸಾಧಾರಣ ವರ್ಷ ಖರ್ಚೆಲ್ಲ ಕಳೆದು ಹೆಕ್ಟೇರಿಗೆ ಕೆಲವು ನೂರು ಡಾಲರ್ ಉಳಿದ್ರೆ ಪುಣ್ಯ. ಇಲ್ಲಿ ಹೆಚ್ಚಾಗಿ ನೆಡೋ ರೇಡಿಯಾಟಾ ಅನ್ನೋ ಜಾತಿ ಪೈನ್ ಚೆನ್ನಾಗಿ ಬೆಳೆಯೋ ಜಾಗದಲ್ಲಿ ವರ್ಷಕ್ಕೆ ಸರಾಸರಿ 25 ಟನ್ ಅಂತ ಸುಮ್ನೆ ಲೆಕ್ಕಕ್ಕೆ ಹಿಡಿಯೋಣ. ಯೂನಿಟ್ ಬೆಲೆ 2022ರ ಕೊನೇಲಿ 88 ಡಾಲರ್ ಹತ್ತಿರ ಹೋಗಿತ್ತು, ಆ ರೇಟಲ್ಲಿ ಹೆಕ್ಟೇರಿಗೆ ಎರಡು ಸಾವಿರದ ಮೇಲೆ. ಇಂಥ ಲೆಕ್ಕ ಮುಂದಿಟ್ಕೊಂಡು ಬಂದವರ ಎದುರು ಹರಾಜಲ್ಲಿ ಯಾವ ಯುವ ರೈತನೂ ನಿಲ್ಲೋಕಾಗಲ್ಲ. ಬೀಫ್ ಪ್ಲಸ್ ಲ್ಯಾಂಬ್ ಅನ್ನೋ ಇಲ್ಲಿನ ರೈತರ ಸಂಸ್ಥೆಯ ಲೆಕ್ಕದಲ್ಲಿ 2017ರಿಂದ ಈಚೆಗೆ ಮೂರು ಲಕ್ಷ ಹೆಕ್ಟೇರ್‌ಗಿಂತ ಜಾಸ್ತಿ ಕುರಿ-ದನದ ಜಮೀನು ಕಾಡು ಮಾಡೋರ ಕೈಗೆ ಹೋಗಿದೆ. ಅದೆಲ್ಲಾ ಬರೀ ಕಾರ್ಬನ್‌ಗೆ ಹೋಗಿದ್ದಲ್ಲ, ಮರ ಕಡಿದು ಮಾರೋಕೆ ಅಂತ ಕೊಂಡವರೂ ಇದಾರೆ, ಆ ಜಾಗದಲ್ಲಿ ಎಷ್ಟೋ ಕಡೆ ಕುರಿ ಬಿಡಲೇಬಾರದಿತ್ತು ಅನ್ನೋದೂ ನಿಜ. ಆದ್ರೂ ನಿಮ್ಮ ತಾರರೂವಾ ಜಿಲ್ಲೇಲೇ ಪೊಂಗರೋವಾ ರಸ್ತೇಲಿ ಒಂದು ಸಲ ಗಾಡಿ ಓಡಿಸ್ಕೊಂಡು ಹೋಗಿ ನೋಡಿ. ಉಣ್ಣೆ ಕತ್ತರಿಸೋ ವೂಲ್‌ಶೆಡ್ ಹಂಗೇ ನಿಂತಿರುತ್ತೆ, ಬಾಗಿಲಿಗೆ ಹತ್ತಡಿ ದೂರದವರೆಗೂ ಪೈನ್ ಸಾಲು ಬಂದಿರುತ್ತೆ, ಕುರಿ ಕೂಡೋ ಯಾರ್ಡಿನ ಹಲಗೆ ಮಧ್ಯದಿಂದ ಹುಲ್ಲು ಎದ್ದಿರುತ್ತೆ, ಮನೇಲಿ ಯಾರೂ ಇರಲ್ಲ. ಒಂದು ಫಾರ್ಮ್ ಹೋದ್ರೆ ಆ ಮನೆ ಮಕ್ಕಳು ಸ್ಕೂಲಿಂದ ಹೋಗ್ತಾರೆ, ಉಣ್ಣೆ ಕತ್ತರಿಸೋ ಗ್ಯಾಂಗಿಗೆ ಒಂದು ಶೆಡ್ ಕಮ್ಮಿಯಾಗುತ್ತೆ, ಊರಿನ ಅಗ್ನಿಶಾಮಕ ದಳಕ್ಕೆ ವಾಲಂಟಿಯರ್ ಕಮ್ಮಿಯಾಗ್ತಾರೆ, ಬೆಂಕಿ ಅಪಾಯ ಜಾಸ್ತಿಯಾಗೋ ಹೊತ್ತಿಗೇ ಸರಿಯಾಗಿ. 2024ರಲ್ಲಿ ಟಿಮರೂ ಊರಿನ ಸ್ಮಿತ್‌ಫೀಲ್ಡ್ ಮಾಂಸದ ಕಾರ್ಖಾನೆ ಮುಚ್ಚಿ ಸುಮಾರು 600 ಜನರ ಕೆಲಸ ಹೋಯ್ತು, ಜಮೀನಿನ ಬಳಕೆ ಬದಲಾಗಿ ಕುರಿ ಬರೋದು ಕಮ್ಮಿಯಾಗಿದ್ದೇ ಕಾರಣ ಅಂತ ಅದನ್ನ ನಡೆಸ್ತಿದ್ದ ಅಲಯನ್ಸ್ ಕಂಪನಿಯೇ ಹೇಳ್ತು.

ಊಟಕ್ಕೇ ತೊಂದರೆ ಆಗುತ್ತೆ ಅಂತ ಕೆಲವರು ಹೆದರಿಸ್ತಾರೆ, ಅದನ್ನ ನಂಬಬೇಡಿ, ಇಲ್ಲಿನ ಕುರಿ ಮಾಂಸ ಬಹುಪಾಲು ಹೊರದೇಶಕ್ಕೇ ಹೋಗೋದು. ಎಲ್ಲಾ ಫಾರಿನ್‌ನವರು ಕೊಂಡ್ಕೊಳ್ತಿದಾರೆ ಅನ್ನೋದೂ ಅರ್ಧ ನಿಜ ಅಷ್ಟೆ, ಫಾರ್ಮನ್ನ ಕಾಡು ಮಾಡೋಕೆ ಕೊಳ್ಳೋ ಹೊರಗಿನವರಿಗೆ 2022ರಿಂದ ರೂಲ್ಸ್ ಬಿಗಿ ಮಾಡಿದಾರೆ. ಇಲ್ಲಿನವರೇ ಬೇಕಾದಷ್ಟು ಜನ ಇದಾರೆ.

ಹಂಗಾದ್ರೆ ಈ ಮಿತಿ ಸರಿಯಾ? ನನ್ನ ಅಭಿಪ್ರಾಯ ಕೇಳಿದ್ರೆ ಸರಿ, ಆದ್ರೆ ಅರ್ಧ ಸರಿ. ಹುಲ್ಲಿನ ಜಾಗದಲ್ಲಿ ಪೈನ್ ಹಾಕಿದ್ರೆ ಒಂದು ವರ್ಷದಲ್ಲಿ ಆಗೋಗುತ್ತೆ, ಚಳಿಗಾಲದಲ್ಲಿ ಗ್ಯಾಂಗು ಬಂದು ಹೆಕ್ಟೇರಿಗೆ ಸಾವಿರ ಸಸಿ ಲೆಕ್ಕದಲ್ಲಿ ನೆಟ್ಟು ಹೋಗ್ತಾರೆ. ಮತ್ತೆ ಹುಲ್ಲು ಮಾಡ್ತೀನಿ ಅಂದ್ರೆ ಬುಡ ಕೀಳಬೇಕು, ಗೊಬ್ಬರ ಸುಣ್ಣ ಹಾಕಬೇಕು, ಬೇಲಿ ನೀರು ಎಲ್ಲಾ ಹೊಸದಾಗಿ ಮಾಡಬೇಕು, ಜೊತೆಗೆ ತಗೊಂಡ ಯೂನಿಟ್ಟೆಲ್ಲ ಆ ದಿನದ ರೇಟಿಗೆ ಕೊಂಡು ವಾಪಸ್ ಕಟ್ಟಬೇಕು. ಇಷ್ಟು ಸುಲಭಕ್ಕೆ ಒಳಗೆ ಹೋಗಿ ಹೊರಗೆ ಬರೋಕಾಗದ ದಾರಿಗೆ ಒಂದು ಗೇಟು ಇರಲೇಬೇಕು. ಅರ್ಧ ಸರಿ ಯಾಕೆ ಅಂದ್ರೆ, ಹೊಗೆ ಬಿಡೋರು ಎಷ್ಟು ಬೇಕಾದ್ರೂ ಕಾಡಿನ ಯೂನಿಟ್ ಬಳಸಬಹುದು ಅನ್ನೋ ಮೂಲ ರೂಲನ್ನ ಇದು ಮುಟ್ಟೇ ಇಲ್ಲ. ಒತ್ತಡ ಹಂಗೇ ಇರುತ್ತೆ, ಕ್ಲಾಸ್ 6ರಿಂದ ಕ್ಲಾಸ್ 7ಕ್ಕೆ ಜರುಗುತ್ತೆ ಅಷ್ಟೆ. ಕ್ಲಾಸ್ 7ರಲ್ಲೂ ಒಳ್ಳೇ ಕುರಿ ಮರಿ ಹಾಕೋ ಫಾರ್ಮುಗಳಿವೆ, ಅವರ ಚಿಂತೆ ನ್ಯಾಯವಾದದ್ದೇ.

ಮಾವೊರಿ ಜಮೀನಿನ ವಿಷಯ ಹೇಳ್ತೀನಿ ಅಂದಿದ್ದೆ. 2022ರಲ್ಲಿ ಆಗಿನ ಸರ್ಕಾರ ಇಟಿಎಸ್‌ನ ಪರ್ಮನೆಂಟ್ ಕಾಡಿನ ವರ್ಗದಿಂದ, ಅಂದ್ರೆ ಬೋಳಿಸದೆ ನಿಲ್ಲಿಸೋ ಕಾಡಿನ ಗುಂಪಿಂದ, ಪೈನ್ ಥರದ ವಿದೇಶಿ ಮರಗಳನ್ನೇ ಹೊರಗಿಡ್ತೀವಿ ಅಂದಾಗ ಜೋರಾಗಿ ವಿರೋಧ ಮಾಡಿದವರಲ್ಲಿ ಮಾವೊರಿ ಭೂಮಾಲೀಕರು ಮುಖ್ಯ, ಕೊನೆಗೆ ಆ ಪ್ರಸ್ತಾಪ ಬಿಟ್ಟರು. ಅವರ ವಾದದಲ್ಲಿ ತೂಕ ಇತ್ತು. ವಸಾಹತು ಕಾಲದಲ್ಲಿ ಒಳ್ಳೇ ಭೂಮಿ ಹೋಗಿ ಅವರ ಕೈಲಿ ಉಳಿದಿದ್ದರಲ್ಲಿ ಹೆಚ್ಚಿನದು ದೂರದ, ಕಡಿದಾದ, ರಸ್ತೆ ಇಲ್ಲದ ಗುಡ್ಡ. ಅದರಲ್ಲಿ ಮೊದಲನೇ ಸಲ ಒಂದು ಆದಾಯ ಕಾಣ್ತಿರುವಾಗ ಬಾಗಿಲು ಹಾಕ್ತೀವಿ ಅಂದ್ರೆ ಯಾರು ಒಪ್ತಾರೆ? ಕುರಿ ರೈತರ ಪರ ಮಾತಾಡೋವಾಗ ಇದನ್ನೂ ನಾವು ನೆನಪಿಡಬೇಕು.

ನಿಮ್ಮ ತಂದೆಯವರ ಮಾತಿಗೆ ಬರ್ತೀನಿ. ಅವರು ಸುಮ್ನೆ ಬೈದಿಲ್ಲ. 1983ರಲ್ಲಿ ತುಮಕೂರು ಕಡೆ ರೈತ ಸಂಘದವರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹಾಕಿದ್ರು, ಕೋಲಾರದಲ್ಲಿ ರಾಗಿ ಹೊಲಗಳೇ ನೀಲಗಿರಿ ತೋಪಾಗಿದ್ವು, 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ಹಾಕೋದನ್ನೇ ನಿಷೇಧ ಮಾಡ್ತು. ಅನ್ನ ಬೆಳೆಯೋ ಜಮೀನನ್ನ ಒಂದೇ ಜಾತಿ ಮರ ನುಂಗೋದು, ಕೂಲಿ ಕೆಲಸ ಹೋಗೋದು, ಜಮೀನಿನೋರು ಪೇಟೇಲಿ ಕೂತ್ಕೊಂಡು ದುಡ್ಡು ಎಣಿಸೋದು, ಇದೆಲ್ಲ ಎರಡು ಕಡೇನೂ ಒಂದೇ. ಆದ್ರೆ ನೀರಿನ ವಿಷಯದಲ್ಲಿ ಅರಸೀಕೆರೆ ಲೆಕ್ಕ ಇಲ್ಲಿಗೆ ಹಂಗ್ಹಂಗೇ ಬರಲ್ಲ. ಇಲ್ಲೂ ಪೈನ್ ಕಾಡು ಹುಲ್ಲುಗಾವಲಿಗಿಂತ ಜಾಸ್ತಿ ನೀರು ಕುಡಿಯುತ್ತೆ, ಹಳ್ಳದ ಹರಿವು ಕಮ್ಮಿಯಾಗುತ್ತೆ, ಒಣಪ್ರದೇಶದಲ್ಲಿ ಅದು ದೊಡ್ಡ ವಿಷಯ, ಆದ್ರೆ ನಿಮ್ಮ ಗುಡ್ಡದ ದೊಡ್ಡ ಶತ್ರು ನೀರಿನ ಬರ ಅಲ್ಲ, ಮಣ್ಣು ಜಾರೋದು.

ಮಣ್ಣಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳ್ತೀನಿ, ಯಾಕಂದ್ರೆ ನಿಮ್ಮ ತೀರ್ಮಾನ ನಿಂತಿರೋದೇ ಅದರ ಮೇಲೆ. ನಾರ್ತ್ ಐಲೆಂಡಿನ ಪೂರ್ವದ ಗುಡ್ಡಗಳು ಮೆತ್ತನೆ ಮಣ್ಣುಕಲ್ಲು, ನೂರು ನೂರೈವತ್ತು ವರ್ಷದ ಹಿಂದೆ ಕಾಡು ಕಡಿದು ಹುಲ್ಲು ಮಾಡಿದ್ದು. 1988ರ ಮಾರ್ಚಲ್ಲಿ ಬೋಲಾ ಚಂಡಮಾರುತ ಬಂದು ಗಿಸ್ಬರ್ನ್ ಕಡೆಯ ಗುಡ್ಡಗಳನ್ನ ಚರ್ಮ ಸುಲಿದ ಹಾಗೆ ಮಾಡ್ತು. ಆಮೇಲೆ ಸರ್ಕಾರವೇ ದುಡ್ಡು ಕೊಟ್ಟು ಅಲ್ಲೆಲ್ಲ ಪೈನ್ ಹಾಕಿಸ್ತು, ಮಣ್ಣು ಹಿಡೀತು ಕೂಡ. ಆದ್ರೆ ಪೈನ್ 28-30 ವರ್ಷಕ್ಕೆ ಕಟಾವಿಗೆ ಬಂತು, ಅದೇ ಇಳಿಜಾರುಗಳನ್ನ ಒಂದೇ ಸಲ ಬೋಳಿಸಿದ್ರು, ಕೊಂಬೆ ರೆಂಬೆ ತುಂಡು, ಇಲ್ಲಿನವರು ಸ್ಲ್ಯಾಶ್ ಅನ್ನೋದು, ಗುಡ್ಡದ ಮೇಲೇ ಉಳೀತು. 2018ರ ಜೂನಲ್ಲಿ ಅದೇ ಕಡೆಯ ಟೊಲಗಾ ಬೇ ಅನ್ನೋ ಊರಿಗೆ ಆ ಮರದ ರಾಶಿ ಮಳೆ ಜೊತೆ ಇಳಿದು ಬಂತು, 2023ರ ಫೆಬ್ರವರೀಲಿ ಗೇಬ್ರಿಯಲ್ ಚಂಡಮಾರುತದಲ್ಲಿ ಮತ್ತೆ ಬಂತು, ಸೇತುವೆಗಳಿಗೆ ಸಿಕ್ಕಿಹಾಕ್ಕೊಳ್ತು, ಬೀಚಲ್ಲಿ ಮರಳು ಕಾಣದ ಹಾಗೆ ಹರಡ್ಕೊಳ್ತು. ಹೆಕಿಯಾ ಪರಾಟಾ ಅವರ ನೇತೃತ್ವದ ತನಿಖಾ ಸಮಿತಿ ಆ ವರ್ಷವೇ ವರದಿ ಕೊಟ್ಟು, ಹೀಗೆ ದೊಡ್ಡ ದೊಡ್ಡ ಇಳಿಜಾರನ್ನ ಒಂದೇ ಸಲ ಬೋಳಿಸೋದು ನಿಲ್ಲಬೇಕು ಅಂತ ಖಡಕ್ಕಾಗಿ ಹೇಳ್ತು.

ಇದರಿಂದ ನಿಮಗೆ ಸಿಗೋ ಪಾಠ ಇಷ್ಟು: ನಿಮ್ಮ 18 ಹೆಕ್ಟೇರ್ ಕ್ಲಾಸ್ 7 ಜಾಗಕ್ಕೆ ಮರ ಬೇಕೇ ಬೇಕು, ಬರೀ ಹುಲ್ಲು ಅಲ್ಲಿ ನಿಲ್ಲಲ್ಲ. ಆದ್ರೆ ಕಡಿಯೋ ಉದ್ದೇಶದ ಪೈನ್ ಅಲ್ಲಿ ಹಾಕಬೇಡಿ. ರಸ್ತೆ ಮಾಡೋ ಖರ್ಚೇ ಮರದ ದುಡ್ಡನ್ನ ತಿಂದ್ಹಾಕುತ್ತೆ, ಕಡಿದ ಮೇಲೆ ಹಳೇ ಬೇರು ಕೊಳೆತು ಹೊಸ ಬೇರು ಹಿಡಿಯೋವರೆಗೆ ಐದಾರು ವರ್ಷ ಆ ಮಣ್ಣಿಗೆ ಯಾರೂ ದಿಕ್ಕಿರಲ್ಲ.

ಈಗ ಕಂಪನಿಯ ಆಫರ್. ಅವರು ಹೇಳ್ತಿರೋದು ಪರ್ಮನೆಂಟ್ ಕಾಡಿನ ವರ್ಗ. ಇದರಲ್ಲಿ 50 ವರ್ಷ ಬೋಳಿಸೋ ಹಾಗಿಲ್ಲ, ಮರ ಬೆಳೀತಾ ಹೋದ ಹಾಗೆ ಯೂನಿಟ್ ಬರ್ತಾ ಇರುತ್ತೆ. ಇನ್ನೊಂದು ಸ್ಟ್ಯಾಂಡರ್ಡ್ ವರ್ಗ, ಅದರಲ್ಲಿ ರೇಡಿಯಾಟಾಗೆ ಮೊದಲ 16 ವರ್ಷದವರೆಗಿನ ಕಾರ್ಬನ್‌ಗೆ ಮಾತ್ರ ಯೂನಿಟ್, ಆಮೇಲೆ ಕಡಿದು ಮತ್ತೆ ನೆಟ್ರೆ ಯೂನಿಟ್ ವಾಪಸ್ ಕಟ್ಟಬೇಕಾಗಿಲ್ಲ. ಪರ್ಮನೆಂಟಲ್ಲಿ ಜಾಸ್ತಿ ಯೂನಿಟ್ ಬರುತ್ತೆ ಅನ್ನೋದಕ್ಕೇ ಕಂಪನಿಗಳಿಗೆ ಅದರ ಮೇಲೆ ಪ್ರೀತಿ. ಐವತ್ತು ವರ್ಷ ಅಂದ್ರೆ ನಿಮ್ಮ ಮಕ್ಕಳಿಗೆ ನಿಮ್ಮ ಈಗಿನ ವಯಸ್ಸು ದಾಟಿರುತ್ತೆ ಅನ್ನೋದನ್ನ ಇಬ್ಬರೂ ಕೂತ್ಕೊಂಡು ಯೋಚ್ನೆ ಮಾಡಿ.

ನಾನು ಇಂಥ ಪೇಪರಲ್ಲಿ ಬೆರಳಿಟ್ಟು ಹುಡುಕೋದು ಒಂದೇ ಪ್ರಶ್ನೆ, ಇಟಿಎಸ್ ಪಾರ್ಟಿಸಿಪೆಂಟ್, ಅಂದ್ರೆ ಸ್ಕೀಮಲ್ಲಿ ಯಾರ ಹೆಸರಲ್ಲಿ ರಿಜಿಸ್ಟರ್ ಆಗಿರುತ್ತೋ ಅವರು, ಯಾರು? ಸಾಮಾನ್ಯವಾಗಿ ಕಂಪನಿ ನಿಮ್ಮ ಟೈಟಲ್ (ಜಮೀನಿನ ಹಕ್ಕುಪತ್ರ) ಮೇಲೆ ಫಾರೆಸ್ಟ್ರಿ ರೈಟ್, ಅಂದ್ರೆ ಅಲ್ಲಿ ಮರ ಬೆಳೆಸೋ ಹಕ್ಕು, ಅಂತ ರಿಜಿಸ್ಟರ್ ಮಾಡಿಸ್ಕೊಂಡು ತಾನೇ ಪಾರ್ಟಿಸಿಪೆಂಟ್ ಆಗುತ್ತೆ, ಯೂನಿಟ್ ಅವರ ಅಕೌಂಟಿಗೆ ಹೋಗುತ್ತೆ, ನಿಮಗೆ ಪಾಲು. ಚೆನ್ನಾಗಿದೆ. ಆದ್ರೆ ಆ ರೈಟು ಮುಗಿದ ದಿನ ಜಾಗದ ಜೊತೆ ಕಾರ್ಬನ್ ಜವಾಬ್ದಾರೀನೂ ಜಮೀನಿನ ಮಾಲೀಕರ ತಲೆಗೆ ಬರುತ್ತೆ. ಯೂನಿಟ್ ಮಾರಿ ದುಡ್ಡು ತಿಂದವರು ಬೇರೆ, ಕಾಡು ಕಡಿದ್ರೆ ವಾಪಸ್ ಕಟ್ಟಬೇಕಾದವರು ನೀವು. ನಲವತ್ತನೇ ವರ್ಷ ಕಂಪನಿ ದಿವಾಳಿ ಎದ್ರೆ ಏನು, ಬೇರೆಯವರಿಗೆ ಮಾರ್ಕೊಂಡ್ರೆ ಏನು, ಗಿಡ ತಿನ್ನೋ ಪಾಸಮ್ಮು ಅನ್ನೋ ಪ್ರಾಣಿ, ಕಾಡುಮೇಕೆ, ಜಿಂಕೆ ಕಂಟ್ರೋಲ್ ಯಾರದ್ದು, ಬೆಂಕಿ ಇನ್ಶೂರೆನ್ಸ್ ಯಾರದ್ದು, ಪೈನ್ ಬೀಜ ಹಾರಿ ಪಕ್ಕದವರ ಜಮೀನಲ್ಲಿ ಹುಟ್ಟಿದ್ರೆ ಕೀಳ್ಸೋರು ಯಾರು, ಇದೆಲ್ಲ ಬರವಣಿಗೇಲಿ ಇರಬೇಕು. ಕಾಲಕ್ರಮೇಣ ಪೈನ್ ಕೆಳಗೆ ಸ್ಥಳೀಯ ಕಾಡು ತಾನಾಗೇ ಬರುತ್ತೆ ಅಂತ ಬ್ರೋಷರಲ್ಲಿ ಚಂದದ ಫೋಟೋ ಹಾಕಿರ್ತಾರೆ. ಹತ್ತಿರದಲ್ಲಿ ಬೀಜ ಕೊಡೋ ಸ್ಥಳೀಯ ಕಾಡು ಇದ್ದು, ಮಳೆ ಚೆನ್ನಾಗಿದ್ದು, ಮೇಕೆ ಜಿಂಕೆಯನ್ನ ವರ್ಷ ವರ್ಷ ಹೊಡೆದು, ಮೇಲಿನ ಪೈನ್‌ನ ಅಲ್ಲಲ್ಲಿ ತೆಗೆದು ಬೆಳಕು ಬಿಟ್ರೆ ಬರಬಹುದು. ನೆಟ್ಟು ಗೇಟಿಗೆ ಬೀಗ ಹಾಕ್ಕೊಂಡು ಹೋದ್ರೆ ಬರಲ್ಲ. ಆ ಕೆಲಸಕ್ಕೆ ದುಡ್ಡು ಯಾವ ಖಾತೇಲಿ ಎತ್ತಿಟ್ಟಿದೀರಾ ಅಂತ ಕೇಳಿ, ಖಾತೆ ತೋರಿಸಿದ್ರೆ ಮುಂದಿನ ಮಾತು.

ಬೆಲೆಯ ರಿಸ್ಕ್ ಬೇರೆ. ಈ ಯೂನಿಟ್ಟಿಗೆ ಬೆಲೆ ಇರೋದು ಸರ್ಕಾರದ ರೂಲ್ಸಿಂದ. 88ರ ಹತ್ತಿರ ಇದ್ದದ್ದು 2023ರ ಮಧ್ಯದ ಹೊತ್ತಿಗೆ 40 ಡಾಲರಿನ ಆಸುಪಾಸಿಗೆ ಬಂತು, ಅದಕ್ಕೆ ಬೆಂಕಿ ಬರಗಾಲ ಏನೂ ಬೇಕಾಗಿರಲಿಲ್ಲ, ಸರ್ಕಾರ ಕ್ಲೈಮೇಟ್ ಕಮಿಷನ್ನಿನ ಸಲಹೆ ಒಪ್ಪಲಿಲ್ಲ, ಆಮೇಲೆ ಸ್ಕೀಮನ್ನೇ ಪರಿಶೀಲನೆ ಮಾಡ್ತೀವಿ ಅಂತು, ಅಷ್ಟೇ. ಮೇಲೆ ಹೇಳಿದ ಹೆಕ್ಟೇರಿಗೆ ಎರಡು ಸಾವಿರ ಅಲ್ಲಿಗೆ ಒಂದು ಸಾವಿರ ಆಯ್ತು. ಅದೂ ಸರಾಸರಿ, ಮೊದಲ ನಾಲ್ಕೈದು ವರ್ಷ ಸಸಿ ಹೀರೋದೇ ಎಷ್ಟು, ಕೈಗೆ ಬರೋದು ಪುಡಿಗಾಸು. ನಿಮ್ಮ ಬ್ಯಾಂಕ್ ಬಡ್ಡಿ ಈ ವರ್ಷದ್ದು, ಕಾರ್ಬನ್ ದುಡ್ಡು ಆಮೇಲಿನದ್ದು. ಇತ್ತ 2025ರಲ್ಲಿ ಕುರಿ ಮಾಂಸ, ದನದ ಮಾಂಸದ ರೇಟು ಚೆನ್ನಾಗಿ ಏರ್ತು. ಕಂಪನಿಯವರ ಶೀಟಲ್ಲಿ ಕುರಿಯ ಆದಾಯ ಯಾವ ವರ್ಷದ್ದು, ಯೂನಿಟ್ ರೇಟು ಯಾವ ತಿಂಗಳದ್ದು ಅಂತ ನೋಡಿ, ಒಂದನ್ನ ಬಿದ್ದ ವರ್ಷದ್ದು ಇನ್ನೊಂದನ್ನ ಎದ್ದ ವರ್ಷದ್ದು ಹಾಕಿದ್ರೆ ಪೈನ್ ಗೆದ್ದೇ ಗೆಲ್ಲುತ್ತೆ.

ನಿಮ್ಮ ಜಾಗದಲ್ಲಿ ನಾನಾಗಿದ್ರೆ ಏನು ಮಾಡ್ತಿದ್ದೆ ಅಂದ್ರೆ, ಮೊದಲು ಕ್ಲಾಸ್ 7ರ ಅತಿ ಕಡಿದಾದ ಮುಖಗಳಿಗೆ, ಹಳ್ಳದ ಅಂಚಿಗೆ ಬೇಲಿ ಹಾಕ್ತಿದ್ದೆ. ಅಲ್ಲಿ ಈಗಾಗಲೇ ಮಾನುಕಾ, ಕಾನುಕಾ ಅನ್ನೋ ಸ್ಥಳೀಯ ಜಾತಿ ಪೊದೆ ಎದ್ದಿದ್ರೆ ಕುರಿ ಬಿಡದೆ ಬಿಟ್ಟಷ್ಟಕ್ಕೇ ಕಾಡಾಗುತ್ತೆ, ನೆಡೋ ಖರ್ಚೇ ಇಲ್ಲ. ಸ್ಥಳೀಯ ಕಾಡು ಕಾರ್ಬನ್ ಹೀರೋದು ನಿಧಾನ, ಯಾವ ವಯಸ್ಸಿನ ಕಾಡು ಎಷ್ಟು ಹೀರುತ್ತೆ ಅನ್ನೋ ಸರ್ಕಾರಿ ಟೇಬಲ್ ಪ್ರಕಾರ 50 ವರ್ಷದ ಸರಾಸರಿ ತೆಗೆದ್ರೆ ಹೆಕ್ಟೇರಿಗೆ ವರ್ಷಕ್ಕೆ ಆರೇಳು ಟನ್ ಅಷ್ಟೆ, ಪೈನ್‌ನ ಕಾಲು ಭಾಗ. ಆದ್ರೆ ಮಿತಿ ಇಲ್ಲ, ಚೀಟಿ ಇಲ್ಲ, ನೂರಾರು ವರ್ಷ ನಿಲ್ಲುತ್ತೆ. ಸಸಿ ಕೊಂಡು ನೆಡೋದಾದ್ರೆ ಮಾತ್ರ ಖರ್ಚು ಪೈನ್‌ಗಿಂತ ಎಷ್ಟೋ ಪಟ್ಟು, ಕೌನ್ಸಿಲ್ಲಿನ ಸಹಾಯಧನ ಇಲ್ಲದೆ ಕೈ ಹಾಕಬೇಡಿ. ಒಂದು ತುಂಡು ಕಮ್ಮಿ ಅಂದ್ರೂ ಒಂದು ಹೆಕ್ಟೇರ್ ಇರಬೇಕು, ಸರಾಸರಿ 30 ಮೀಟರ್ ಅಗಲ ಇರಬೇಕು, ಬೆಳೆದ ಮೇಲೆ 5 ಮೀಟರ್ ಎತ್ತರ ಹೋಗೋ ಜಾತಿ ಇರಬೇಕು, ಮೇಲಿನ ಹೊದಿಕೆ ಪ್ರತಿ ಹೆಕ್ಟೇರಲ್ಲೂ ಶೇಕಡಾ 30 ದಾಟಬೇಕು, ಅವಾಗ್ಲೇ ಇಟಿಎಸ್ ಅದನ್ನ ಕಾಡು ಅನ್ನೋದು. ಹಳ್ಳದ ಅಂಚಲ್ಲಿ ಸಣ್ಣ ಪಟ್ಟಿ ಹಾಕಿ ಯೂನಿಟ್ ಬರುತ್ತೆ ಅಂತ ಕಾಯಬೇಡಿ.

ಕ್ಲಾಸ್ 6ರ ಕಾಲು ಭಾಗದ ಅವಕಾಶ ಇದ್ಯಲ್ಲ ಹತ್ತೂವರೆ ಹೆಕ್ಟೇರ್, ಅದನ್ನ ರಸ್ತೆ ಹತ್ತಿರ, ಕಡಿದಾಗಿಲ್ಲದ, ಹುಲ್ಲು ಸುಮಾರಾಗಿ ಬರೋ ಮೂಲೇಲಿ ಸ್ಟ್ಯಾಂಡರ್ಡ್ ವರ್ಗದಲ್ಲಿ ಹಾಕಿದ್ರೆ ಮರವೂ ಸಿಗುತ್ತೆ ಕಾರ್ಬನ್ನೂ ಸಿಗುತ್ತೆ. ನೀವೇ ಪಾರ್ಟಿಸಿಪೆಂಟ್ ಆಗಿ. 100 ಹೆಕ್ಟೇರ್‌ಗಿಂತ ಕಮ್ಮಿ ಇರೋರಿಗೆ ಮರ ಅಳೆಯೋ ತಾಪತ್ರಯ ಇಲ್ಲ, ಸರ್ಕಾರದ ಟೇಬಲ್ ನೋಡಿ ಲೆಕ್ಕ ಹಾಕಿದ್ರಾಯ್ತು, ಇದಕ್ಕೆ ಕಂಪನಿಗೆ ಪಾಲು ಕೊಡೋ ಅಗತ್ಯ ಕಾಣಲ್ಲ. ಉಳಿದ ಹುಲ್ಲಿನ ಇಳಿಜಾರಲ್ಲಿ ದೂರ ದೂರಕ್ಕೆ ಪಾಪ್ಲರ್ ಮರದ ಕಂಬ (ನೆಟ್ರೆ ಚಿಗುರೋ ಹಸಿ ಗೂಟ) ಹೊಡೆಸಿ, ಬೇರು ಮಣ್ಣು ಹಿಡಿಯುತ್ತೆ, ಕೆಳಗೆ ಹುಲ್ಲು ಬರ್ತಾನೇ ಇರುತ್ತೆ, ಬೇಸಿಗೇಲಿ ಕುರಿಗೆ ನೆರಳು, ಬರ ಬಂದಾಗ ಸೊಪ್ಪು ಕಡಿದು ಹಾಕಬಹುದು. ಹೊರೈಜನ್ಸ್ ರೀಜನಲ್ ಕೌನ್ಸಿಲ್ಲಿಗೆ ಫೋನ್ ಮಾಡಿ ಮಣ್ಣು ಸಂರಕ್ಷಣೆಯವರನ್ನ ಜಾಗ ನೋಡೋಕೆ ಕರೀರಿ, ಈ ಕಂಬಗಳ ಬಗ್ಗೆ ಅವರಷ್ಟು ಗೊತ್ತಿರೋರು ಯಾರೂ ಇಲ್ಲ.

ಇದೆಲ್ಲದಕ್ಕೂ ಮೊದಲು ಪಕ್ಕದ ಫಾರ್ಮಿನವರ ಜೊತೆ ಕೂತ್ಕೊಂಡು ಮಾತಾಡಿ. ಅವರ ಲೀಸು ಮುಗಿಯೋದು ಯಾವಾಗ, ಬೇಲಿ ಹಾಕಿದ್ರೆ ಅವರಿಗೆ ನೀರಿನ ದಾರಿ ತಪ್ಪುತ್ತಾ, ಕಡಿದಾದ ಜಾಗ ಬಿಟ್ಟು ಉಳಿದದ್ದಕ್ಕೆ ಈಗಿನ ಮಾಂಸದ ರೇಟಿಗೆ ತಕ್ಕ ಹಾಗೆ ಲೀಸ್ ಏರಿಸ್ತಾರಾ ಅಂತ ನೇರವಾಗಿ ಕೇಳಿ. ಎಷ್ಟೋ ಕಡೆ ಮರಿ ಸಿಕ್ಕಿಹಾಕ್ಕೊಂಡು ಸಾಯೋ ಕಡಿದಾದ ಮುಖಗಳು ರೈತರಿಗೂ ಬೇಡವೇ ಆಗಿರುತ್ತೆ, ಬೇಲಿ ಹಾಕಿ ಬಿಟ್ಬಿಡಿ ಅಂತ ಅವರೇ ಹೇಳ್ತಾರೆ.

ತಿಂಗಳೊಳಗೆ ಸೈನ್ ಅನ್ನೋದು ಕಂಪನಿಯ ಗಡುವು, ಕಾನೂನಿನದ್ದಲ್ಲ. ನಿಮ್ಮ ಕಾಲು ಭಾಗದ ಅವಕಾಶ, ಕ್ಲಾಸ್ 7ರ ಅವಕಾಶ ಎರಡೂ ಮುಂದಿನ ತಿಂಗಳೂ ಇರುತ್ತೆ. ಅಗ್ರಿಮೆಂಟನ್ನ ಊರಿನ ಸಾಮಾನ್ಯ ಲಾಯರ್‌ಗೆ ತೋರಿಸಬೇಡಿ, ಇಟಿಎಸ್ ಕೆಲಸ ಮಾಡಿರೋ ರೂರಲ್ ಲಾಯರ್‌ಗೆ ತೋರಿಸಿ, ಯೂನಿಟ್ ಮಾರಿದಾಗ ಟ್ಯಾಕ್ಸ್ ಹೆಂಗೆ ಅಂತ ಅಕೌಂಟೆಂಟ್ ಹತ್ರ ಕೇಳಿ, ಟೈಟಲ್ ಮೇಲೆ ಫಾರೆಸ್ಟ್ರಿ ರೈಟ್ ಬಂದ್ರೆ ಸಾಲದ ಗತಿ ಏನು ಅಂತ ಬ್ಯಾಂಕಿನವರ ಹತ್ರ ಬರೆಸ್ಕೊಳ್ಳಿ. ಕ್ಲಾಸ್ 7ರ ಜಾಗದ ಫೋಟೋ, ಮಳೆ ಬಂದ ಮಾರನೇ ದಿನದ್ದು, ಕಳಿಸೋಕಾದ್ರೆ ಕಳಿಸಿ, ಯಾವ ಮುಖಕ್ಕೆ ಮೊದಲು ಬೇಲಿ ಹಾಕಬೇಕು ಅಂತ ನೋಡಿ ಹೇಳ್ತೀನಿ.